ವಾಸನೆ ಬಾರದ ಅಡುಗೆ ಕೋಣೆ

ಜ್ವರ ಬಿಟ್ಟು ವಾರ ಕಳೆದ ಮೇಲೆ ನನ್ನ ಮೂಗು ಸತ್ತಿದೆ ಎಂದು ಗೊತ್ತಾಯಿತು. ಒಗ್ಗರಣೆಗೆ ಹಾಕಿದ ಬೆಳ್ಳುಳ್ಳಿ ಕರಟಿ ಕಪ್ಪಾಗಿತ್ತು. ನಾನು ಪಕ್ಕದಲ್ಲೇ ಕುಳಿತು ತೆಂಗಿನಕಾಯಿ ಹೆರೆಯುತ್ತಿದ್ದೆ. ಅಂಗಳದಲ್ಲಿ ರಿಕ್ಷಾ ಒರೆಸುತ್ತಿದ್ದ ನನ್ನ ಗಂಡ ಓಡಿ ಬಂದು, "ಎಂತ ಮಾರಾಯ್ತಿ, ಮನೆ ಸುಡ್ತಾ ಉಂಟಾ?" ಎಂದು ಕೇಳಿದ ಮೇಲೆಯೇ ನಾನು ಬಾಣಲೆಯ ಕಡೆ ನೋಡಿದ್ದು. ಅವತ್ತು ಕರ್ಪೂರ ಮೂಸಿದೆ, ತಲೆನೋವಿನ ಮುಲಾಮು ಮೂಸಿದೆ, ಒಣ ಮೀನಿನ ಡಬ್ಬಿಯೊಳಗೆ ಮುಖವನ್ನೇ ಇಟ್ಟೆ. ನೀರನ್ನು ಮೂಸಿದ ಹಾಗೆ ಆಯಿತು. ಕಾಪುವಿನ ಡಾಕ್ಟರು ಗಂಟಲಿಗೆ ಟಾರ್ಚು ಹಾಕಿ ನೋಡಿ, "ಕೆಲವರಿಗೆ ಮೂರು ತಿಂಗಳಲ್ಲಿ ಬರ್ತದೆ, ಕೆಲವರಿಗೆ ವರ್ಷ ಬೇಕು, ಹೇಳ್ಲಿಕ್ಕಾಗುವುದಿಲ್ಲ" ಎಂದರು.

ಬೇರೆ ಯಾರಿಗಾದರೂ ಇದು ಸಣ್ಣ ವಿಷಯವಾಗಿರುತ್ತಿತ್ತೋ ಏನೋ. ನಾನು ಶಾಲೆಯ ಬಿಸಿಯೂಟದ ಅಡುಗೆಯವಳು. ಕಾಪುವಿನ ಹತ್ತಿರದ ಒಂದು ಸರಕಾರಿ ಶಾಲೆ, ಎಂಬತ್ತರಷ್ಟು ಮಕ್ಕಳು, ಎರಡು ದೊಡ್ಡ ಗ್ಯಾಸ್ ಒಲೆ, ಅಡುಗೆಗೆ ಇಬ್ಬರು. ಮುಖ್ಯ ಅಡುಗೆಯವರು ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ನಾವಿಬ್ಬರೂ ಆಡುವುದು ತುಳುವಿನಲ್ಲಿ. ಇಲ್ಲಿ ಅದನ್ನು ಕನ್ನಡ ಮಾಡಿ ಬರೆದಿದ್ದೇನೆ.

"ಹೆಡ್ ಟೀಚರಿಗೆ ಹೇಳಿಬಿಡು" ಎಂದರು ಗಂಡ. ನಾನು ಒಪ್ಪಲಿಲ್ಲ. ಗ್ಯಾಸು ಸೋರಿದರೆ ಗೊತ್ತಾಗದವಳನ್ನು ಮಕ್ಕಳಿರುವ ಕಡೆ ಯಾರು ಇಟ್ಟುಕೊಳ್ಳುತ್ತಾರೆ? ಮದುವೆಯಾಗಿ ಹದಿನಾರು ವರ್ಷ ಮನೆಯೊಳಗೇ ಇದ್ದವಳು ನಾನು. ಶಾಲೆಯ ಕೆಲಸ ಸಿಕ್ಕಿದ ಮೇಲೆ ಬೆಳಿಗ್ಗೆ ಎದ್ದು ಸೀರೆ ಉಟ್ಟು ಹೋಗಲಿಕ್ಕೆ ಒಂದು ಜಾಗ ಅಂತ ಆಗಿತ್ತು. ಅದನ್ನು ಬಿಡಲು ನನ್ನಿಂದ ಆಗಲಿಲ್ಲ. ಯಾರಿಗೂ ಹೇಳದೆ ಮುಚ್ಚಿಟ್ಟೆ.

ಮುಚ್ಚಿಟ್ಟ ದಿನದಿಂದ ಹೆದರಿಕೆ ಶುರುವಾಯಿತು. ನನ್ನ ಮನೆ ಶಾಲೆಗೆ ಹತ್ತಿರ ಎಂದು ಅಡುಗೆ ಕೋಣೆಯ ಬೀಗದ ಕೈ ನನ್ನಲ್ಲಿತ್ತು. ಸಂಜೆಯಿಂದ ಮುಚ್ಚಿದ ಕೋಣೆ, ಒಳಗೆ ಎರಡು ಸಿಲಿಂಡರು. ಬಾಗಿಲು ತೆರೆದು ನಾನು ಒಳಗೆ ಹೋಗುತ್ತಿರಲಿಲ್ಲ. ಜಗಲಿಯಲ್ಲಿ ನಿಂತು ಕೊಡೆ ಮಡಚುವ ಹಾಗೆ, ಚಪ್ಪಲಿಯ ಕೆಸರು ತೆಗೆಯುವ ಹಾಗೆ ಮಾಡುತ್ತಾ ಅಕ್ಕ ಬರುವ ತನಕ ಕಾಯುತ್ತಿದ್ದೆ. ಅಕ್ಕ ಒಳಗೆ ಕಾಲಿಟ್ಟು ಒಂದು ಉಸಿರು ಎಳೆದುಕೊಳ್ಳುವಾಗ ಅವರ ಮುಖ ನೋಡುತ್ತಿದ್ದೆ. ಹುಬ್ಬು ಗಂಟಾಗದಿದ್ದರೆ ಮಾತ್ರ ನಾನೂ ಒಳಗೆ. ರೆಗ್ಯುಲೇಟರ್ ತಿರುಗಿಸುವಾಗ, ಲೈಟರ್ ಒತ್ತುವಾಗ ಮುಖವನ್ನು ಬಾಗಿಲ ಕಡೆ ತಿರುಗಿಸಿಕೊಳ್ಳುತ್ತಿದ್ದೆ. ಮನೆಗೆ ಬಂದ ಮೇಲೂ ಹೆದರಿಕೆ ಬಿಡುತ್ತಿರಲಿಲ್ಲ. ಬಟ್ಟೆ ಒಗೆಯುತ್ತಿದ್ದವಳು ಕೈ ಒರೆಸಿಕೊಂಡು ಶಾಲೆಗೆ ಓಡಿ ಹೋಗಿ ರೆಗ್ಯುಲೇಟರ್ ಮುಟ್ಟಿ ನೋಡಿ ಬಂದದ್ದೂ ಉಂಟು.

ಹಾಗೇ ಒಂದು ಮಳೆಗಾಲ, ಒಂದು ಚಳಿಗಾಲ ಕಳೆದು ಬೇಸಿಗೆ ರಜೆ ಬಂತು. ಎರಡು ತಿಂಗಳು ಕೋಣೆಗೆ ಬೀಗ.

ಜೂನಿನಲ್ಲಿ ಶಾಲೆ ಶುರುವಾದಾಗ ಅನ್ನದ ಒಲೆ ಸರಿಯಾಗಿ ಉರಿಯಲಿಲ್ಲ. ಬೆಂಕಿ ಸಣ್ಣದಾಗಿ, ಸೋಮಾರಿಯ ಹಾಗೆ ಅಲ್ಲಾಡುತ್ತಿತ್ತು. ಅಕ್ಕಿ ಕುದಿಯಲಿಕ್ಕೇ ಒಂದು ಗಂಟೆ ಬೇಕಾಯಿತು. ಅಕ್ಕ, "ಟೀಚರಿಗೆ ಹೇಳುವ, ಮೆಕ್ಯಾನಿಕ್‌ನ ಕರೆಸ್ಲಿ" ಎಂದರು. ನನಗೆ ಮೆಕ್ಯಾನಿಕ್ ಬರುವುದು ಬೇಡವಾಗಿತ್ತು. ಬಂದವನು "ವಾಸನೆ ಬರ್ತಾ ಉಂಟಲ್ಲ, ನಿಮಗೆ ಗೊತ್ತಾಗ್ಲಿಲ್ವಾ?" ಎಂದು ಕೇಳಿದರೆ ಏನು ಹೇಳಲಿ ಎಂಬ ಹೆದರಿಕೆ. "ನಿಲ್ಲಿ ಅಕ್ಕ, ನಾನೇ ನೋಡ್ತೇನೆ" ಎಂದೆ. ಒಲೆಯ ತಲೆ ಕಳಚಿದೆ. ಗ್ಯಾಸು ಹೊರಗೆ ಬರುವ ಜಾಗದಲ್ಲಿ ಹಿತ್ತಾಳೆಯ ಒಂದು ಪುಟ್ಟ ಬಿಲ್ಲೆ, ಅದರ ನಡುವೆ ಸಣ್ಣ ತೂತು. ಅದಕ್ಕೆ ಜೆಟ್ ಎನ್ನುತ್ತಾರೆ. ತೂತು ಕಟ್ಟಿಕೊಂಡಿರಬೇಕು ಎಂದುಕೊಂಡೆ. ಅಕ್ಕಿಯ ಗೋಣಿ ಹೊಲಿಯುವ ದಬ್ಬಣ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅದರ ತುದಿಯನ್ನು ತೂತಿಗೆ ಹಾಕಿ, ಒತ್ತಿ, ಎರಡು ಮೂರು ಸಲ ತಿರುಗಿಸಿದೆ.

ಒಲೆ ಹಚ್ಚಿದಾಗ ಬೆಂಕಿ ಮೊಳದುದ್ದ ಎದ್ದಿತು. "ನಿನ್ನ ಕೈಗುಣವೇ!" ಎಂದು ಅಕ್ಕ ನಕ್ಕರು. ನನಗೂ ಹೆಮ್ಮೆಯಾಯಿತು. ಬೆಂಕಿಯ ಬಣ್ಣ ಬೇರೆಯಾಗಿದೆ ಎಂದು ಇಬ್ಬರೂ ನೋಡಿದೆವು. ಮೊದಲು ನೀಲಿ ಇದ್ದದ್ದು ಈಗ ಹಳದಿ, ತುದಿಯಲ್ಲಿ ಸ್ವಲ್ಪ ಕೆಂಪು. ಸೌದೆ ಒಲೆ ಊದಿ ಬೆಳೆದವರಿಗೆ ಬೆಂಕಿ ಹಳದಿ ಇದ್ದರೆ ಏನೂ ವಿಶೇಷ ಅನಿಸುವುದಿಲ್ಲ.

ಎರಡೇ ದಿನದಲ್ಲಿ ಅನ್ನದ ಹಂಡೆಯ ಅಡಿಯೆಲ್ಲ ಮಸಿಯಾಯಿತು. ಅಕ್ಕ ತೆಂಗಿನ ನಾರು ಹಿಡಿದು ತಿಕ್ಕಿ ತಿಕ್ಕಿ, "ಈ ಸಲದ ಗ್ಯಾಸೇ ಸರಿ ಇಲ್ಲ" ಎಂದು ಬೈದರು. ಅಷ್ಟು ದೊಡ್ಡ ಬೆಂಕಿಯಿದ್ದೂ ಅನ್ನ ಬೇಗ ಬೇಯಲಿಲ್ಲ. ಅದೂ ನಮಗೆ ವಿಚಿತ್ರ ಅನಿಸಲಿಲ್ಲ.

ಆಮೇಲೆ ಮಳೆ ಹಿಡಿಯಿತು. ಸಮುದ್ರದ ಕಡೆಯಿಂದ ಬೀಸುವ ಗಾಳಿ ಕಿಟಕಿಯಿಂದ ನುಗ್ಗಿ ಬೆಂಕಿಯನ್ನು ಆರಿಸುತ್ತಿತ್ತು. ಹಳೆಯ ಹಂಚಿನ ಅಡುಗೆ ಕೋಣೆಯಲ್ಲಿ ಮಳೆನೀರು ಸೋರಿದರೂ ಹೊಗೆ ಹಂಚಿನ ಸಂದಿಯಿಂದ ಹೋಗುತ್ತಿತ್ತು. ಇದು ಹೊಸದು, ಮೇಲೆ ಕಾಂಕ್ರೀಟಿನ ಮಾಡು, ಗಟ್ಟಿ ಬಾಗಿಲು. ಕಿಟಕಿ ಹಾಕಿದೆವು. ಬಾಗಿಲು ಹಾಕಿ ಅಗುಳಿ ಇಟ್ಟೆವು. ಎಕ್ಸಾಸ್ಟ್ ಫ್ಯಾನು ಕೆಟ್ಟು ಹೋಗಿತ್ತು. ಅದರ ತೂತಿನಿಂದ ಮಳೆಯ ಇರಿಚಲು ಬರುತ್ತದೆಂದು ನಾನೇ ಖಾಲಿ ಗೋಣಿ ತುರುಕಿದೆ. ಒಳಗೆ ಬೆಚ್ಚಗಾಯಿತು.

ಸೋಮವಾರ ನನಗೆ ತಲೆನೋವು ಬಂತು. ಮಂಗಳವಾರ ಅಕ್ಕನಿಗೂ. "ಬಿಪಿ ಇರಬೇಕು" ಎಂದರು ಅವರು. ಮನೆಗೆ ಹೋಗಿ ಅರ್ಧ ಗಂಟೆ ಅಂಗಳದಲ್ಲಿ ಕುಳಿತರೆ ಕಡಿಮೆಯಾಗುತ್ತಿತ್ತು. ಮರುದಿನ ಹನ್ನೊಂದು ಗಂಟೆಗೆ ಮತ್ತೆ ಹಣೆಯ ಸುತ್ತ ಹಗ್ಗ ಬಿಗಿದ ಹಾಗೆ. ಬುಧವಾರ ಹೊಟ್ಟೆ ತೊಳಸಿತು. ಆಗ ನನಗೆ ಒಂದು ಸಂಶಯ ಬಂತು, ಬಂದದ್ದು ಮತ್ತೆ ಹೋಗಲಿಲ್ಲ. ಗ್ಯಾಸು ಎಲ್ಲಿಯೋ ಸಣ್ಣಗೆ ಸೋರುತ್ತಿದೆ. ನನಗೆ ಗೊತ್ತಾಗುತ್ತಿಲ್ಲ.

"ಅಕ್ಕ, ಎಂತಾದ್ರೂ ವಾಸನೆ ಬರ್ತದಾ?" ಎಂದು ಕೇಳಿದೆ.

"ಎಂತದೂ ಇಲ್ಲ. ನಿನಗೆ ಬರ್ತದಾ?"

"ಇಲ್ಲ" ಎಂದೆ. ಅಷ್ಟು ನಿಜವಾದ ಮಾತು ಹೇಳಿ ಅಷ್ಟು ದೊಡ್ಡ ಸುಳ್ಳು ನಾನು ಬೇರೆಂದೂ ಹೇಳಿಲ್ಲ.

ಅಕ್ಕನ ಮೂಗನ್ನು ನಂಬಿಕೊಂಡು ಮತ್ತೆ ಕೆಲಸಕ್ಕೆ ಕುಳಿತೆ. ಸ್ವಲ್ಪ ಹೊತ್ತಿಗೆ ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. ಎರಡು ದಿನದಿಂದ ಅವರಿಗೆ ನೆಗಡಿ ಎಂಬುದು ನನಗೆ ಆಗ ಹೊಳೆಯಿತು. ಆ ಕೋಣೆಯಲ್ಲಿ ಮೂಗೇ ಇರಲಿಲ್ಲ. ಆ ದಿನ ಸಂಜೆ ಗಂಡನಿಗೂ ಹೇಳಲಿಲ್ಲ. ನಾಳೆ ಟೀಚರಿಗೆ ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಬೆಳಿಗ್ಗೆ ಎದ್ದಾಗ ಮಕ್ಕಳಿಗೆ ಊಟ ಆದ ಮೇಲೆ ಹೇಳುತ್ತೇನೆ ಎಂದುಕೊಂಡೆ.

ಗುರುವಾರ ಜೋರು ಮಳೆ. ಅನ್ನ ಬಸಿಯಬೇಕಿತ್ತು. ಅಕ್ಕ ಸಾಂಬಾರಿಗೆ ಮಸಾಲೆ ತಿರುವಿ ಗ್ರೈಂಡರಿನ ಹತ್ತಿರ ಬಗ್ಗಿದ್ದರು. ಸೌಟು ಬಿದ್ದ ಶಬ್ದ ಕೇಳಿ ತಿರುಗಿದೆ. ಅಕ್ಕ ಗೋಡೆಗೆ ಒರಗಿ, ನಿಧಾನವಾಗಿ, ಕುಳಿತುಕೊಳ್ಳುವವರ ಹಾಗೆ ಜಾರಿ ನೆಲಕ್ಕೆ ಬಂದರು. ಕಣ್ಣು ಅರ್ಧ ತೆರೆದಿತ್ತು. "ಅಕ್ಕ" ಎಂದೆ. ಕೇಳಿಸಲಿಲ್ಲ ಅವರಿಗೆ. ಮಣೆಯಿಂದ ಎದ್ದವಳು ಮಂಡಿಯ ಮೇಲೆ ಬಿದ್ದೆ.

ಆಗ ಆದ ಹೆದರಿಕೆಯನ್ನು ಹೇಗೆ ಹೇಳಲಿ? ಕೋಣೆಯ ತುಂಬ ಗ್ಯಾಸು ತುಂಬಿದೆ, ಎರಡು ಒಲೆ ಉರಿಯುತ್ತಿದೆ, ಈಗ ಇಡೀ ಕೋಣೆ ಹೊತ್ತಿಕೊಳ್ಳುತ್ತದೆ ಎಂದೇ ನನಗೆ ಖಾತ್ರಿ. ಹೊರಗೆ ಗಂಟೆ ಹೊಡೆದು ಮಕ್ಕಳು ಬಟ್ಟಲು ಹಿಡಿದುಕೊಂಡು ಜಗಲಿಗೆ ಬರುವ ಸದ್ದು. ನೆಲದ ಮೇಲೆ ಅಂಬೆಗಾಲಿಟ್ಟು ಹೋಗಿ ಸಿಲಿಂಡರಿನ ರೆಗ್ಯುಲೇಟರನ್ನು ತಿರುಗಿಸಿದೆ. ಒಂದು, ಮತ್ತೊಂದು. ಒಲೆ ಆರಿತು. ಲೈಟಿನ ಸ್ವಿಚ್ಚು ಮುಟ್ಟಬಾರದು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಬಾಗಿಲಿನ ಅಗುಳಿ ಒದ್ದೆಯಾಗಿ ಉಬ್ಬಿ ಬಿಗಿದಿತ್ತು. ಎರಡೂ ಕೈಯಿಂದ ಹೊಡೆದೆ. ಮೂರನೆಯ ಹೊಡೆತಕ್ಕೆ ಸರಿಯಿತು. ಮಳೆಗಾಳಿ ಮುಖಕ್ಕೆ ಹೊಡೆಯಿತು. ಎದುರಿಗೆ ಒಂದನೇ ಕ್ಲಾಸಿನ ಮಕ್ಕಳು ಸಾಲಾಗಿ ನಿಂತಿದ್ದವು.

"ಯಾರೂ ಬರಬೇಡಿ! ಹಿಂದೆ ಹೋಗಿ, ಟೀಚರನ್ನು ಕರೆಯಿರಿ!" ಎಂದು ಕಿರುಚಿದೆ. ಒಂದು ಮಗು ಅಳಲು ಶುರು ಮಾಡಿತು. ನಾನು ಮತ್ತೆ ಒಳಗೆ ಹೋದೆ. ಧೈರ್ಯವಾಗಿ ಹೋದೆ ಎಂದು ಆಮೇಲೆ ಎಷ್ಟೋ ಜನ ಹೇಳಿದರು. ಅದು ಧೈರ್ಯವಲ್ಲ. ಅಕ್ಕನನ್ನು ಕೊಂದದ್ದು ನಾನೇ ಎಂದು ತಲೆಯೊಳಗೆ ಕೂತಿತ್ತು, ಹೋಗದೆ ನಿಲ್ಲಲು ಆಗಲಿಲ್ಲ. ಅವರ ಎರಡೂ ಕೈ ಹಿಡಿದು ಹಿಮ್ಮುಖವಾಗಿ ಎಳೆದೆ. ಹೊಸ್ತಿಲಲ್ಲಿ ಅವರ ತಲೆ ತಾಗಿತು. ಜಗಲಿಯಲ್ಲಿ ಮಳೆ ಬೀಳುವ ಕಡೆಗೇ ಮಲಗಿಸಿದೆ.

ಹೆಡ್ ಟೀಚರ್ ಓಡಿ ಬಂದರು. ಬಾಗಿಲಲ್ಲಿ ನಿಂತು ಮೂಸಿದರು. "ಗ್ಯಾಸಿನ ವಾಸನೆ ಏನೂ ಬರ್ತಾ ಇಲ್ಲ ಅಲ್ವಾ? ನಿಮಗೆ ಬಂತಾ?"

"ನನಗೆ ವಾಸನೆಯೇ ಬರುವುದಿಲ್ಲ ಟೀಚರ್" ಎಂದೆ. "ಒಂದು ವರ್ಷದಿಂದ ಇಲ್ಲ. ನಾನು ಹೇಳ್ಲಿಲ್ಲ."

ಅವರು ನನ್ನನ್ನೇ ನೋಡಿದರು. ತಿರುಗಿ ಇನ್ನೊಬ್ಬ ಟೀಚರಿಗೆ, "ಮಕ್ಕಳನ್ನು ಕ್ಲಾಸಿಗೆ ಕರ್ಕೊಂಡು ಹೋಗಿ, ಅಂಗಡಿಯಿಂದ ಬಾಳೆಹಣ್ಣು, ಬನ್ನು ತರಿಸಿ" ಎಂದರು. ನನ್ನ ಗಂಡನಿಗೆ ಫೋನು ಮಾಡಿದವರೂ ಅವರೇ. ಕಟಪಾಡಿ ರಿಕ್ಷಾ ಸ್ಟ್ಯಾಂಡಿನಲ್ಲಿದ್ದ ಗಂಡ ಎಷ್ಟು ಬೇಗ ಬಂದರೋ, ರಿಕ್ಷಾದ ಪರದೆ ಕಟ್ಟದೆ ಪೂರಾ ಒದ್ದೆಯಾಗಿದ್ದರು.

ಉಡುಪಿಯ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ಎರಡೂ ಕಡೆಯಿಂದ ಗಾಳಿ ಹೊಡೆಯುತ್ತಿತ್ತು. ಹೆದ್ದಾರಿಗೆ ಬಂದಾಗ ಅವರು ವಾಂತಿ ಮಾಡಿದರು. ನನಗೆ ಅದು ದೇವರು ಕೊಟ್ಟ ಹಾಗಾಯಿತು. ಜೀವ ಉಂಟು ಎಂದಾಯಿತಲ್ಲ. ಆಸ್ಪತ್ರೆಯಲ್ಲಿ ನಮ್ಮಿಬ್ಬರ ಮುಖಕ್ಕೂ ಆಮ್ಲಜನಕದ ಮಾಸ್ಕು ಹಾಕಿದರು. ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರಮ್ಮ ನನ್ನ ಪಕ್ಕ ಬಂದು ಕೇಳಿದರು.

"ಕಿಟಕಿ, ಬಾಗಿಲು ಹಾಕಿತ್ತಾ?"

"ಹೌದು."

"ತಲೆನೋವು ಎಷ್ಟು ದಿನದಿಂದ? ಹೊರಗೆ ಬಂದ್ರೆ ಕಡಿಮೆ ಆಗ್ತಿತ್ತಾ?"

"ಹೌದು ಡಾಕ್ಟ್ರೇ. ಗ್ಯಾಸು ಸೋರ್ತಿತ್ತು, ನನಗೆ ವಾಸನೆ..."

"ಸೋರಿದ್ದಲ್ಲ ಇರ್ಬೇಕು" ಎಂದರು ಅವರು. "ಬೆಂಕಿ ಸರಿಯಾಗಿ ಉರಿಯದಿದ್ರೆ ಒಂದು ವಿಷಗಾಳಿ ಹುಟ್ತದೆ. ಕಾರ್ಬನ್ ಮೊನಾಕ್ಸೈಡ್. ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಯಾರಿಗೂ ಗೊತ್ತಾಗುವುದಿಲ್ಲ."

ಆ ಮಾತಿನಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ವರ್ಷವಿಡೀ ನಾನು ಹೆದರಿದ್ದು ಒಂದಕ್ಕೆ, ನಮ್ಮನ್ನು ಹಿಡಿದದ್ದು ಇನ್ನೊಂದು. ನಾನು ಹೆಸರು ಕೂಡ ಕೇಳದ್ದು.

ಸಂಜೆಯ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟು ನೀರು ಕೇಳಿದರು. ಅವರ ಮಗಳು ಕಡಿಯಾಳಿಯಿಂದ ಬಂದು ಜೊತೆಗೆ ಕುಳಿತಳು. ನನ್ನನ್ನು ಆ ದಿನವೇ ಬಿಟ್ಟರು.

ಮರುದಿನ ಟೀಚರ್ ಮೆಕ್ಯಾನಿಕ್‌ನನ್ನು ಕರೆಸಿದರು. ಕಟಪಾಡಿಯಲ್ಲಿ ಅಂಗಡಿ ಇರುವವರು, ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ನಾನು ಬರಲೇಬೇಕೆಂದು ಟೀಚರ್ ಹೇಳಿ ಕಳಿಸಿದ್ದರು. ಬಾಗಿಲು, ಕಿಟಕಿ ಎಲ್ಲ ತೆರೆದಿದ್ದರೂ ಒಳಗೆ ಹೋಗುವಾಗ ಉಸಿರು ಬಿಗಿಹಿಡಿದೇ ಹೋದೆ. ಮೆಕ್ಯಾನಿಕ್ ಮೊದಲು ಒಲೆ ಮುಟ್ಟಲಿಲ್ಲ. ಎಕ್ಸಾಸ್ಟಿನ ತೂತಿನಿಂದ ಗೋಣಿಯನ್ನು ಎಳೆದು ಹೊರಗೆ ಬಿಸಾಡಿದರು. ಹಂಡೆಯ ಅಡಿಯ ಮಸಿಗೆ ಬೆರಳು ತಾಗಿಸಿ ನೋಡಿದರು. ಆಮೇಲೆ ಒಲೆ ಹಚ್ಚಿ ಬಗ್ಗಿ ನೋಡಿ, ಕೂಡಲೇ ಆರಿಸಿದರು.

"ಇದು ಉರಿಯುವುದಲ್ಲ, ಹೊಗೆಯಾಡುವುದು" ಎಂದರು.

ಒಲೆಯ ತಲೆ ತೆಗೆದು, ಕೆಳಗಿನ ಕೊಳವೆಯನ್ನು ನೆಲಕ್ಕೆ ತಟ್ಟಿದರು. ಒಣಗಿದ ಮಣ್ಣಿನ ತುಂಡುಗಳು ಉದುರಿದವು. ರಜೆಯಲ್ಲಿ ಕುಂಬಾರ ಹುಳ ಒಳಗೆ ಗೂಡು ಕಟ್ಟಿತ್ತು. ಗ್ಯಾಸಿನ ಜೊತೆ ಗಾಳಿ ಬೆರೆಯುವ ದಾರಿ ಅದು. ಅಲ್ಲಿ ಅರ್ಧ ಮಣ್ಣು. ಬೆಂಕಿ ಸಣ್ಣಗಾದದ್ದು ಅದಕ್ಕೇ. ನಾನು ಹಗುರವಾದೆ. ತಪ್ಪು ಹುಳದ್ದು ಎಂದಾಯಿತು.

ಆಮೇಲೆ ಅವರು ಜೆಟ್ ಬಿಚ್ಚಿ ಬೆಳಕಿಗೆ ಹಿಡಿದರು. ತುಂಬ ಹೊತ್ತು ಹಿಡಿದರು.

"ಇದಕ್ಕೆ ಯಾರು ಎಂತ ಹಾಕಿದ್ದು?"

ಟೀಚರ್ ನನ್ನ ಕಡೆ ನೋಡಲಿಲ್ಲ, ಮೆಕ್ಯಾನಿಕ್ ಕೂಡ ನೋಡಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಅಕ್ಕ ಅಲ್ಲಿರಲಿಲ್ಲ. ದಬ್ಬಣ ಅದೇ ಮೊಳೆಯಲ್ಲಿ ನೇತಾಡುತ್ತಿತ್ತು. ನಾನು ಹೋಗಿ ಅದನ್ನು ತೆಗೆದು ಅವರ ಕೈಗೆ ಕೊಟ್ಟೆ.

ಅವರು ದಬ್ಬಣದ ತುದಿಯನ್ನೂ ತೂತನ್ನೂ ಅಕ್ಕಪಕ್ಕ ಹಿಡಿದು ತೋರಿಸಿದರು. "ನೋಡಿ ಇಲ್ಲಿ. ಈ ತೂತು ಇಷ್ಟೇ ಇರ್ಬೇಕು ಅಂತ ಲೆಕ್ಕ ಮಾಡಿ ಕೊರೆದದ್ದು. ನೀವು ದೊಡ್ಡ ಮಾಡಿದ್ದೀರಿ. ಗ್ಯಾಸು ಜಾಸ್ತಿ ಬಂತು, ಗಾಳಿಯ ದಾರಿಯಲ್ಲಿ ಮಣ್ಣು. ಅದು ಹೇಗೆ ಉರೀಬೇಕು?" ಬೈಯುವ ಸ್ವರ ಅಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಾನು ಜಗಲಿಗೆ ಬಂದು ಕುಳಿತೆ. ಅಕ್ಕ ಬಿದ್ದದ್ದು ನನ್ನ ಮೂಗಿನಿಂದ ಅಲ್ಲ, ನನ್ನ ಕೈಯಿಂದ. ಮೂಗು ಹೋದದ್ದು ನನ್ನ ತಪ್ಪಲ್ಲ ಎನ್ನಬಹುದಿತ್ತು. ಇದನ್ನು ಹಾಗೆ ಹೇಳುವಂತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಟೀಚರ್ ಕರೆದರು. ಹೊಸ ಜೆಟ್ ಹಾಕಿಯಾಗಿತ್ತು. "ಇಲ್ಲಿ ಬನ್ನಿ" ಎಂದರು ಮೆಕ್ಯಾನಿಕ್. "ಇದನ್ನು ನೀವೇ ಮಾಡಿ."

"ನಾನು ಮುಟ್ಟುವುದಿಲ್ಲ."

"ನಾಳೆ ಇಲ್ಲಿ ಅಡುಗೆ ಮಾಡುವುದು ನಾನಲ್ಲ ಅಲ್ವಾ?"

ನಾಳೆ ಎಂದು ಅವರು ಹೇಳಿದಾಗ ನಾನು ಟೀಚರ ಮುಖ ನೋಡಿದೆ. ಅವರು ತಲೆ ಆಡಿಸಿದರು, ಮುಟ್ಟಿ ಎನ್ನುವ ಹಾಗೆ.

ಕೊಳವೆಯ ಬಾಯಿಯಲ್ಲಿ ಗಾಳಿ ಒಳಗೆ ಹೋಗುವ ಕಿಂಡಿ, ಅದನ್ನು ತೆರೆದು ಮುಚ್ಚಲು ತಿರುಗಿಸುವ ಒಂದು ಬಿಲ್ಲೆ ಇತ್ತು. ಇಷ್ಟು ವರ್ಷ ಅದನ್ನು ಒರೆಸಿದ್ದೇನೆ, ಏನೆಂದು ಗೊತ್ತಿರಲಿಲ್ಲ. ಒಲೆ ಹಚ್ಚಿಸಿ ಮೊದಲು ಅದನ್ನು ಪೂರ್ತಿ ಮುಚ್ಚಿಸಿದರು. ಬೆಂಕಿ ಹಳದಿಯಾಗಿ ಬಾಗಿ ಬಳುಕಿತು. ಆ ಬಣ್ಣ ನೋಡಿ ನಾನು ಹಿಂದಕ್ಕೆ ಸರಿದೆ. "ಹೆದರ್ಬೇಡಿ, ತೆರೆಯಿರಿ, ನಿಧಾನಕ್ಕೆ" ಎಂದರು. ತೆರೆದೆ. ಹಳದಿ ತುದಿಗೆ ಸರಿಯಿತು, ಸಣ್ಣದಾಯಿತು, ಹೋಯಿತು. ಇನ್ನೂ ತೆರೆಯಲು ಹೇಳಿದರು. ಬೆಂಕಿ ಬುಸ್ಸೆಂದು ಸದ್ದು ಮಾಡಿ ಒಲೆಯ ತೂತುಗಳನ್ನು ಬಿಟ್ಟು ಮೇಲಕ್ಕೆ ಹಾರಿದ ಹಾಗೆ ನಿಂತಿತು. "ಇದು ಗಾಳಿ ಜಾಸ್ತಿ. ಇದೂ ಬೇಡ. ಆರಿ ಹೋದ್ರೆ ಗ್ಯಾಸು ಸುಮ್ಮನೆ ಹೊರಗೆ ಬರ್ತದೆ. ಹಿಂದೆ ತಿರುಗಿಸಿ." ತಿರುಗಿಸಿದೆ. ಒಂದು ಕಡೆ ಬಂದಾಗ ಸದ್ದು ಇಳಿಯಿತು. ತೂತು ತೂತಿನ ಮೇಲೂ ನೀಲಿ ಬೆಂಕಿ ಚೂಪಾಗಿ, ಅಲ್ಲಾಡದೆ ಕುಳಿತಿತು. ಒಳಗೆ ಇನ್ನೊಂದು ಸಣ್ಣ ನೀಲಿ ಮೊನೆ. "ಇಲ್ಲಿ ನಿಲ್ಲಿಸಿ. ಸ್ಕ್ರೂ ಬಿಗಿಯಿರಿ."

ಸ್ಕ್ರೂಡ್ರೈವರ್ ನನ್ನ ಕೈಯಿಂದ ಎರಡು ಸಲ ಜಾರಿತು. ಮೂರನೆಯ ಸಲ ಬಿಗಿದೆ. ಆಮೇಲೆ ಸೋಪಿನ ನೀರು ಕಲಸಿ, ಟ್ಯೂಬಿನ ಜೋಡಣೆಗಳಿಗೆಲ್ಲ ಸವರಿ, ಗುಳ್ಳೆ ಏಳುತ್ತದೋ ನೋಡಲು ಕಲಿಸಿದರು. ಏಳಲಿಲ್ಲ. "ಸೋರಿದ್ರೆ ಗುಳ್ಳೆ ಹೇಳ್ತದೆ, ಕೆಟ್ಟು ಉರಿದ್ರೆ ಬಣ್ಣ ಹೇಳ್ತದೆ. ಕಣ್ಣು ಉಂಟಲ್ಲ ನಿಮಗೆ" ಎಂದರು. ಹೋಗುವಾಗ ಟೀಚರಿಗೆ, ಕಿಟಕಿ ಮುಚ್ಚಲೇ ಕೂಡದು, ಗಾಳಿಗೆ ಒಲೆಯ ಪಕ್ಕ ತಗಡು ನಿಲ್ಲಿಸಿ, ಫ್ಯಾನು ಇವತ್ತೇ ಹಾಕಿಸಿ ಎಂದು ಹೇಳಿ ಹೋದರು.

ಟೀಚರ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಶಾಲಾ ಸಮಿತಿಯ ಮುಂದೆ ನಾನೇ ನಿಂತು ಎಲ್ಲ ಹೇಳಬೇಕಾಯಿತು, ಮೂಗಿನದ್ದೂ, ದಬ್ಬಣದ್ದೂ. ಒಬ್ಬರು ತಾಯಿ, "ನನ್ನ ಮಗ ಅಲ್ಲಿ ಬಟ್ಟಲು ಹಿಡಿದು ನಿಂತಿದ್ದ" ಎಂದರು. ಬೀಗದ ಕೈ ಟೀಚರಲ್ಲಿ ಇರುವುದು, ಬೆಳಿಗ್ಗೆ ಬಾಗಿಲು ತೆರೆದು ಮೂಸಿ ನೋಡುವುದು ಅವರೇ ಎಂದಾಯಿತು. ನಾನು ಒಪ್ಪಿದೆ.

ಅಕ್ಕನಿಗೆ ಹೇಳುವುದೇ ಕಷ್ಟವಾದದ್ದು. ಆಸ್ಪತ್ರೆಯಿಂದ ಅವರು ಕಡಿಯಾಳಿಯ ಮಗಳ ಮನೆಗೆ ಹೋಗಿದ್ದರು. ಭಾನುವಾರ ನಾನು ಎಳನೀರು ಹಿಡಿದುಕೊಂಡು ಹೋದೆ. ಅವರು ಚಾಪೆಯ ಮೇಲೆ ಕುಳಿತಿದ್ದರು, ತಲೆಯ ಹಿಂದೆ ಹೊಸ್ತಿಲು ತಾಗಿದ ಕಡೆ ಇನ್ನೂ ಊತ. ನಾನು ಎಲ್ಲ ಹೇಳಿದೆ. ಅವರು ಎಳನೀರು ಕುಡಿಯುವುದನ್ನು ನಿಲ್ಲಿಸಿದರು.

"ದಬ್ಬಣ ಹಾಕಿದ್ದು ನನಗೆ ಗೊತ್ತುಂಟಲ್ಲ, ನಾನು ನೋಡ್ತಾ ಇದ್ದೆ" ಎಂದರು. "ಮೂಗಿಂದು ಯಾಕೆ ಹೇಳ್ಲಿಲ್ಲ? ದಿನಾ ಬಾಗಿಲಲ್ಲಿ ನಿಂತು ನನ್ನ ಮುಖ ನೋಡ್ತಿದ್ದದ್ದು ಅದಕ್ಕಾ?"

"ಹೌದು ಅಕ್ಕ."

"ಮೊದಲು ನನ್ನನ್ನು ಒಳಗೆ ಕಳಿಸ್ತಿದ್ದಿ."

ನಾನು ಅತ್ತೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಮಗಳು ಬಂದು ಲೋಟ ತೆಗೆದುಕೊಂಡು ಹೋದಳು. ಬಸ್ಸಿಗೆ ಹೊತ್ತಾಯಿತೆಂದು ನಾನು ಏಳುವಾಗ, "ಹುಷಾರು" ಎಂದರು, ಅಷ್ಟೇ.

ಅವರು ಮತ್ತೆ ಶಾಲೆಗೆ ಬಂದದ್ದು ಮೂರು ವಾರದ ಮೇಲೆ. ಬಾಗಿಲ ತನಕ ಬಂದು ನಿಂತರು. ಒಳಗೆ ಬರಲು ಅವರಿಂದ ಆಗಲಿಲ್ಲ. ಕೆನ್ನೆ ಬಿಳಿಚಿತ್ತು, ಚೌಕಟ್ಟನ್ನು ಹಿಡಿದಿದ್ದರು. ಆ ಹೆದರಿಕೆ ನನಗೆ ಗೊತ್ತಿದ್ದದ್ದೇ. ನಾನು ಒಳಗೆ ಹೋಗಿ ಕಿಟಕಿ ತೆರೆದೆ, ಫ್ಯಾನು ಹಾಕಿದೆ, ಸೋಪಿನ ನೀರು ಸವರಿ ನೋಡಿದೆ, ಒಲೆ ಹಚ್ಚಿ ಬಗ್ಗಿ ಬಣ್ಣ ನೋಡಿದೆ. "ನೀಲಿ ಉಂಟು ಅಕ್ಕ" ಎಂದೆ. ಅವರು ಬಾಗಿಲ ಬಳಿಯಿದ್ದ ತರಕಾರಿಯ ಬುಟ್ಟಿಯನ್ನು ಜಗಲಿಗೆ ಎಳೆದುಕೊಂಡು ಅಲ್ಲಿಯೇ ಹೆಚ್ಚಲು ಕುಳಿತರು. ಇಡೀ ಜುಲೈ ಹಾಗೇ ನಡೆಯಿತು.

ನನ್ನ ಮೂಗು ಈಗ ಸ್ವಲ್ಪ ಬಂದಿದೆ. ಕಾಫಿಪುಡಿ ತಿಳಿಯುತ್ತದೆ, ಮಲ್ಲಿಗೆ ತಿಳಿಯುವುದಿಲ್ಲ. ಗ್ಯಾಸಿನದು ತಿಳಿಯುತ್ತದೋ ಇಲ್ಲವೋ ಪರೀಕ್ಷೆ ಮಾಡಿ ನೋಡುವ ಧೈರ್ಯ ನನಗಿಲ್ಲ. ಮೊನ್ನೆ ಒಂದು ದಿನ ಗಂಜಿ ಉಕ್ಕಿ ಒಲೆಗೆ ಚೆಲ್ಲಿತು, ನೀಲಿ ಬೆಂಕಿಯ ನಡುವೆ ಕಿತ್ತಳೆ ಬಣ್ಣ ಫಕ್ಕನೆ ಎದ್ದಿತು. ನಾನು ಎರಡೂ ಸಿಲಿಂಡರ್ ಬಂದ್ ಮಾಡಿ, ಅಕ್ಕನ ಕೈ ಹಿಡಿದು ಎಳೆದುಕೊಂಡು ಹೊರಗೆ ಬಂದುಬಿಟ್ಟೆ. ಮೆಕ್ಯಾನಿಕ್‌ಗೆ ಫೋನು ಮಾಡಿದರೆ, "ಅದು ಚೆಲ್ಲಿದ ಗಂಜಿ ಸುಟ್ಟ ಬಣ್ಣ, ತಣ್ಣಗಾದ ಮೇಲೆ ಒರೆಸಿ ಹಚ್ಚಿ" ಎಂದು ನಕ್ಕರು. ಮಕ್ಕಳಿಗೆ ಊಟ ಅರ್ಧ ಗಂಟೆ ತಡವಾಯಿತು. ಟೀಚರ್ ಬಂದು ನೋಡಿ ಹೋದರು. ಅಕ್ಕ ತಮ್ಮ ಮಣಿಕಟ್ಟನ್ನು ತಿಕ್ಕಿಕೊಳ್ಳುತ್ತಾ, "ಎಷ್ಟು ಗಟ್ಟಿ ಹಿಡೀತಿ ಮಾರಾಯ್ತಿ" ಎಂದರು. ಆಮೇಲೆ ನಾವು ಒಲೆ ತಣಿಯಲಿ ಎಂದು ಜಗಲಿಯಲ್ಲಿ ಕುಳಿತೆವು.